‘ತಿದ್ದು’ ಎಂಬ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೆಲಸ ಕರಡು ತಿದ್ದುವುದು. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ "ಏನು ಕೆಲಸ ಮಾಡ್ತೀಯಮ್ಮಾ?" ಎಂದು ಕೇಳಿದರು. "ತಿದ್ದುತ್ತೀನಿ" ಅಂದೆ. "ಯಾರನ್ನ?" ಅಂದರು. ನನಗೆ ನಗು ಬಂತು. ಆದರೆ ಅಜ್ಜಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕನ್ನಡದಲ್ಲಿ ಪುಟವನ್ನೂ ತಿದ್ದಬಹುದು, ಮಗನನ್ನೂ ತಿದ್ದಬಹುದು, ಹುಬ್ಬನ್ನೂ ತಿದ್ದಬಹುದು. ಅವತ್ತಿನಿಂದ ಈ ಪದದ ಬಗ್ಗೆ ಯಾರು ಏನು ಕೇಳಿದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದೆ. ಮಕ್ಕಳು, ಮೇಷ್ಟ್ರುಗಳು, ಕನ್ನಡ ಕಲಿಯಲು ಬಂದವರು ಕೇಳಿದ ಪ್ರಶ್ನೆಗಳು ಇವು.

‘ತಿದ್ದು’ ಅಂದರೆ ಮೂಲದಲ್ಲಿ ಏನು? ನಡತೆ ಸರಿಮಾಡುವುದಾ, ಅಕ್ಷರ ಬರೆಯುವುದಾ?

ಎರಡೂ ಹೌದು. ಎರಡೂ ಒಂದೇ ಪದ ಯಾಕಾಯಿತು ಅಂತ ತಿಳಿಯಬೇಕಾದರೆ ಮಗು ಅಕ್ಷರ ಕಲಿಯುವುದನ್ನು ಹತ್ತಿರದಿಂದ ನೋಡಬೇಕು.

ನಮ್ಮಜ್ಜಿ ಸ್ಲೇಟಿನ ಮೇಲೆ ಬಳಪದಲ್ಲಿ ದೊಡ್ಡದಾಗಿ ಒಂದು ‘ಅ’ ಬರೆದು ಕೊಡುತ್ತಿದ್ದರು. ಅದರ ಮೇಲೇ ನಾವು ಬಳಪ ಓಡಿಸಬೇಕು. ಮೊದಲ ಸಲ ಗೆರೆ ಹೊರಗೆ ಹೋಗುತ್ತದೆ. ಎರಡನೇ ಸಲ ಒಳಗೆ ಬರುತ್ತದೆ. ಇಪ್ಪತ್ತು ಸಲ ಆಗುವ ಹೊತ್ತಿಗೆ ‘ಅ’ ಕಂಬಳಿಹುಳದಷ್ಟು ದಪ್ಪ ಆಗಿರುತ್ತದೆ. ಕೈ ಎಲ್ಲ ಬಿಳಿ. ಇದಕ್ಕೆ ‘ಅಕ್ಷರ ತಿದ್ದುವುದು’ ಅನ್ನುತ್ತೇವೆ. ಕೈ ಹಿಡಿದು ಮಾಡಿಸಿದರೆ ‘ತಿದ್ದಿಸುವುದು’. ಸ್ಲೇಟು ಬರುವ ಮೊದಲು ಇದೇ ಕೆಲಸ ಮರಳಿನ ಮೇಲೆ ಬೆರಳಿನಿಂದ ಆಗುತ್ತಿತ್ತು. ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ ಇವತ್ತಿಗೂ ಅಕ್ಷರಾಭ್ಯಾಸಕ್ಕೆ ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲೇ ಮಾಡುವವರು ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ತಿದ್ದಿಸುತ್ತಾರೆ.

ಇಲ್ಲಿ ಯಾರೂ ಏನನ್ನೂ ಅಳಿಸಲಿಲ್ಲ ಅನ್ನುವುದನ್ನು ನೋಡಿ. ಕೆಳಗೆ ಆಗಲೇ ಒಂದು ಅಕ್ಷರ ಇದೆ. ಅದರ ಮೇಲೆ ಕೈ ಮತ್ತೆ ಮತ್ತೆ ಹೋಗುತ್ತದೆ. ನನ್ನ ಪ್ರಕಾರ ಮನುಷ್ಯರನ್ನು ತಿದ್ದುವುದು ಎಂಬ ಮಾತು ಹೊರಟಿದ್ದು ಈ ಚಿತ್ರದಿಂದಲೇ. ತಿದ್ದುವುದಕ್ಕೆ ಮೂರು ಬೇಕು: ಮೊದಲೇ ಇರುವ ಒಂದು ರೂಪ, ಒಂದು ಕೈ, ಆ ಕೈ ಮುಟ್ಟುವಷ್ಟು ಹತ್ತಿರ. ದೂರದಲ್ಲಿ ನಿಂತು ಕೂಗಿದರೆ ಅದು ಬೈಗುಳ.

ಹಾಗಾದರೆ ‘ಸರಿಪಡಿಸು’, ‘ಬದಲಿಸು’ ಎಲ್ಲ ಬೇರೆ ಬೇರೆಯಾ? ಒಂದೇ ಅಲ್ವಾ?

ಅಲ್ಲ. ನಲ್ಲಿ ಸೋರುತ್ತಿದ್ದರೆ ಸರಿಪಡಿಸುತ್ತೇವೆ, ಇಲ್ಲವೇ ರಿಪೇರಿ ಮಾಡಿಸುತ್ತೇವೆ. ‘ನಲ್ಲಿ ತಿದ್ದಿದೆ’ ಅಂದರೆ ಕೇಳಿದವರು ನಿಮ್ಮ ಮುಖ ನೋಡುತ್ತಾರೆ. ಸ್ಕೂಟರು, ಫ್ಯಾನು, ಜ್ವರ ಯಾವುದನ್ನೂ ತಿದ್ದಲಾಗದು. ಬಲ್ಬು ಹೋದರೆ ಬದಲಿಸುತ್ತೇವೆ, ಅಂದರೆ ಹಳೆಯದನ್ನು ತೆಗೆದು ಹೊಸದು ಹಾಕುತ್ತೇವೆ. ತಿದ್ದುವುದರಲ್ಲಿ ಹಳೆಯದು ಉಳಿಯುತ್ತದೆ.

ತಿದ್ದಬಹುದಾದವು ಯಾವುವು ಅಂದರೆ: ಅಕ್ಷರ, ಕರಡು, ಲೆಕ್ಕ, ಉಚ್ಚಾರಣೆ, ರಾಗ, ಹಣೆಯ ಕುಂಕುಮ, ಮುಂಗುರುಳು, ಶಿಲ್ಪಿಯ ಕೈಯಲ್ಲಿರುವ ಮೂರ್ತಿ, ಕಾಯ್ದೆ, ನಡತೆ, ತಪ್ಪು, ಮಗು. ರೂಪ ಇರುವ, ಆ ರೂಪ ಇನ್ನಷ್ಟು ಚೆನ್ನಾಗಿ ಕಾಣಬಹುದಾದ ವಸ್ತುಗಳೇ ಎಲ್ಲ. ಮಗುವನ್ನು ನಲ್ಲಿಯ ಸಾಲಿಗೆ ಸೇರಿಸದೆ ಮೂರ್ತಿಯ ಸಾಲಿಗೆ ಸೇರಿಸಿದೆಯಲ್ಲ ನಮ್ಮ ಭಾಷೆ, ಅದು ನನಗೆ ತುಂಬ ಇಷ್ಟ.

‘ಮಗನನ್ನು ತಿದ್ದು’, ‘ಮಗನ ತಪ್ಪನ್ನು ತಿದ್ದು’: ಯಾವುದು ಸರಿ?

ವ್ಯಾಕರಣಕ್ಕೆ ಎರಡೂ ಸರಿ. ಕೇಳುವ ಮಗನಿಗೆ ಎರಡನೆಯದು ವಾಸಿ.

ಪದದ ಹುಟ್ಟು ಎಲ್ಲಿಯದು? ಸಂಸ್ಕೃತದಿಂದ ಬಂದದ್ದಾ?

ಅಪ್ಪಟ ದ್ರಾವಿಡ ಪದ. ಹಳಗನ್ನಡದಲ್ಲಿ ಇದು ‘ತಿರ್ದು’. ‘ಇರ್ದ’ ಹೋಗಿ ‘ಇದ್ದ’ ಆಯಿತಲ್ಲ, ‘ಕರ್ಚು’ ಹೋಗಿ ‘ಕಚ್ಚು’ ಆಯಿತಲ್ಲ, ಹಾಗೇ ಇಲ್ಲೂ ಅರ್ಕಾವತ್ತು ಕರಗಿ ಒತ್ತಕ್ಷರ ಆಯಿತು. ತಮಿಳಿನಲ್ಲಿ ‘ತಿರುತ್ತು’, ಮಲಯಾಳದಲ್ಲಿ ‘ತಿರುತ್ತುಕ’, ತೆಲುಗಿನಲ್ಲಿ ‘ದಿದ್ದು’. ಅಲ್ಲೂ ಮಕ್ಕಳು ಅಕ್ಷರ ದಿದ್ದುತ್ತಾರೆ, ಅಲ್ಲೂ ದೊಡ್ಡವರು ಚಿಕ್ಕವರನ್ನು ದಿದ್ದುತ್ತಾರೆ.

ತೆಲುಗಿನ ಮೊದಲ ಆಧುನಿಕ ಸಣ್ಣಕಥೆ ಎಂದು ಬಹಳ ಜನ ಹೇಳುವ, 1910ರ ಗುರಜಾಡ ಅಪ್ಪಾರಾವ್ ಅವರ ಕಥೆಯ ಹೆಸರೇ ‘ದಿದ್ದುಬಾಟು’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ತಿದ್ದುಪಡಿ’. ರಾತ್ರಿ ತಡವಾಗಿ ಮನೆಗೆ ಬರುವ ಗಂಡನಿಗೆ ಹೆಂಡತಿ ಪಾಠ ಕಲಿಸುವ ಕಥೆ ಅದು. ಮನೆ ಬಿಟ್ಟು ಹೋದೆ ಅಂತ ಪತ್ರ ಬರೆದಿಟ್ಟು, ಅದೇ ಮನೆಯ ಮಂಚದ ಕೆಳಗೆ ಅಡಗಿ ಕೂತಿರುತ್ತಾಳೆ. ತಿದ್ದುವ ಕೈ ಹತ್ತಿರವೇ ಇರಬೇಕು ಅಂದೆನಲ್ಲ!

ಯಾರೂ ತಿದ್ದದೆ ತಾನಾಗೇ ಸರಿಹೋದವನಿಗೆ ಏನನ್ನಬೇಕು?

ಇದು ಒಳ್ಳೆಯ ಪ್ರಶ್ನೆ. ತಮಿಳರ ಹತ್ತಿರ ಎರಡು ಪದಗಳಿವೆ. ಇನ್ನೊಬ್ಬರನ್ನು ಸರಿಮಾಡಿದರೆ ‘ತಿರುತ್ತು’, ತಾನೇ ಸರಿಯಾದರೆ ‘ತಿರುಂದು’. ನಮ್ಮಲ್ಲಿ ಆ ಎರಡನೆಯದು ಬಳಕೆಯಲ್ಲಿಲ್ಲ. ಅದಕ್ಕೇ ನಾವು ‘ಕೊಳ್ಳು’ ಸೇರಿಸಿ ‘ತಿದ್ದಿಕೊಂಡ’ ಅನ್ನುತ್ತೇವೆ. ಅಂದರೆ ತಾನೇ ಅಕ್ಷರ, ತಾನೇ ಕೈ.

ಆದರೆ ಮಾತಿನಲ್ಲಿ ಜನ ಜಾಸ್ತಿ ಹೇಳುವುದು ಬೇರೆ. ‘ದಾರಿಗೆ ಬಂದ’, ‘ಬುದ್ಧಿ ಬಂತು’, ‘ಸರಿಹೋದ’. ಧಾರವಾಡದ ಕಡೆ ‘ಈಗ ಶಾಣ್ಯಾ ಆಗ್ಯಾನ’ ಅನ್ನುತ್ತಾರೆ. ಇವುಗಳಲ್ಲಿ ‘ಬುದ್ಧಿ ಬಂತು’ ಸ್ವಲ್ಪ ತಮಾಷೆಯ ಮಾತು. ಬುದ್ಧಿ ಎಲ್ಲೋ ಊರಿಗೆ ಹೋಗಿತ್ತು, ಬೆಳಗಿನ ಬಸ್ಸಿಗೆ ವಾಪಸ್ ಬಂತು ಅನ್ನುವ ಹಾಗೆ.

ಬಸವಣ್ಣನವರ ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಅನ್ನುವುದರ ಅರ್ಥ ‘ನಿಮ್ಮ ಕೆಲಸ ನೋಡ್ಕೊಳ್ಳಿ’ ಅಂತಲೇ ಅಲ್ವಾ?

ಈ ಪ್ರಶ್ನೆ ನನ್ನ ನೋಟ್‌ಬುಕ್ಕಿನಲ್ಲಿ ಏಳು ಸಲ ಇದೆ. ಯಾರಾದರೂ ಬೀದಿಯಲ್ಲಿ ಕಸ ಎಸೆದವನಿಗೆ ‘ಹಾಗೆ ಮಾಡಬೇಡಿ’ ಅಂದರೆ ಸಾಕು, ಅವನು ಈ ಸಾಲನ್ನು ಎಸೆಯುತ್ತಾನೆ. ಮೊದಲು ಪೂರ್ತಿ ಓದೋಣ:

"ಲೋಕದ ಡೊಂಕ ನೀವೇಕೆ ತಿದ್ದುವಿರಿ? ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ. ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ಕೂಡಲಸಂಗಮದೇವ."

ನಮ್ಮಲ್ಲಿ ಬಹಳ ಜನ ಇದನ್ನು ‘ಲೋಕ ತಿದ್ದಬೇಡಿ, ನಿಮ್ಮನ್ನು ನೀವು ತಿದ್ದಿಕೊಳ್ಳಿ’ ಅಂತ ನೆನಪಿಟ್ಟುಕೊಂಡಿದ್ದಾರೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಕರಡು ತಿದ್ದುವಾಗ ಒಂದು ದಿನ ಈ ವಚನ ಎದುರಿಗೆ ಬಂತು. ಒಂದೊಂದೇ ಅಕ್ಷರ ನೋಡುತ್ತಾ ಹೋದಾಗ ಗೊತ್ತಾಯಿತು, ‘ತಿದ್ದಿಕೊಳ್ಳಿ’ ಅನ್ನುವ ಪದ ಅಲ್ಲಿ ಇಲ್ಲವೇ ಇಲ್ಲ! ಲೋಕದ ವಿಷಯಕ್ಕೆ ‘ತಿದ್ದು’ ಅಂದವರು, ತನ್ನ ಮೈ ಮನಸ್ಸಿನ ವಿಷಯಕ್ಕೆ ಬಂದ ಕೂಡಲೇ ‘ಸಂತೈಸಿಕೊಳ್ಳಿ’ ಅಂದಿದ್ದಾರೆ. ಸಂತೈಸು ಅಂದರೆ ಸಮಾಧಾನ ಮಾಡು, ಆರೈಕೆ ಮಾಡು. ಅಳುವ ಮಗುವನ್ನು ಸಂತೈಸುತ್ತೇವೆ. ನಮ್ಮ ಮನಸ್ಸಿನ ಮೇಲೆ ಕೆಂಪು ಪೆನ್ನು ಹಿಡಿದು ಕೂರಿ ಅಂತ ವಚನ ಹೇಳುತ್ತಿಲ್ಲ.

ಇನ್ನು ‘ನಿಮ್ಮ ಕೆಲಸ ನೋಡ್ಕೊಳ್ಳಿ’ ಅನ್ನುವ ಅರ್ಥ. ಇದನ್ನು ಹೇಳಿದವರು 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಲೇ ಜಾತಿಯ ಗೋಡೆಗೆ ಕೈ ಹಾಕಿದವರು. ಸುಮ್ಮನೆ ತಮ್ಮ ಪಾಡಿಗೆ ಕೂತವರಲ್ಲ. ಹಾಗಾಗಿ ವಚನ ಚುಚ್ಚುವುದು ಒಂದು ಬಗೆಯ ಜನರನ್ನು ಮಾತ್ರ ಅಂತ ನನಗನ್ನಿಸುತ್ತದೆ: ಪಕ್ಕದ ಮನೆಯ ಅಳುವಿಗೆ ಕಣ್ಣೀರು ಹಾಕುವುದರಲ್ಲೇ ತೃಪ್ತಿ ಪಡುವವರನ್ನು. ಕಸ ಎಸೆಯುವವರಿಗೆ ಅದರಲ್ಲಿ ರಕ್ಷಣೆ ಇಲ್ಲ.

ಡೊಂಕಿನ ಬಗ್ಗೆ ಬಸವಣ್ಣನವರದೇ ಇನ್ನೊಂದು ವಚನ ಇದೆ. ‘ಹಾವಿನ ಡೊಂಕು ಹುತ್ತಕ್ಕೆ ಸಸಿನ, ನದಿಯ ಡೊಂಕು ಸಮುದ್ರಕ್ಕೆ ಸಸಿನ’ ಅಂತ ಅದು ಶುರುವಾಗುತ್ತದೆ. ಸಸಿನ ಅಂದರೆ ನೇರ. ಎಲ್ಲ ಡೊಂಕೂ ತಿದ್ದಬೇಕಾದದ್ದಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

‘ಸುಧಾರಿಸು’ ಕೂಡ ಅದೇ ಅರ್ಥ ತಾನೇ?

ಕಾಗದದ ಮೇಲೆ ಹೌದು. ಹಿಂದಿ, ಮರಾಠಿಯಲ್ಲೂ ಇರುವ ಪದ ಇದು. ‘ಆರೋಗ್ಯ ಸುಧಾರಿಸಿದೆ’, ‘ರಸ್ತೆ ಸುಧಾರಣೆ’, ‘ಸಮಾಜ ಸುಧಾರಕ’ ಎಲ್ಲ ಪತ್ರಿಕೆಯಲ್ಲಿ ದಿನಾ ಕಾಣುತ್ತವೆ.

ಆದರೆ ಮನೆಯೊಳಗೆ ಬಂದ ಕೂಡಲೇ ಈ ಪದದ ಬಣ್ಣವೇ ಬೇರೆ. ಬಿಸಿಲಿನಲ್ಲಿ ನಡೆದು ಬಂದ ನೆಂಟರಿಗೆ ನೀರು ಕೊಟ್ಟು "ಸ್ವಲ್ಪ ಸುಧಾರಿಸ್ಕೊಳ್ಳಿ" ಅನ್ನುತ್ತೇವೆ. ‘ನಿಮ್ಮ ನಡತೆ ಸರಿಮಾಡಿಕೊಳ್ಳಿ’ ಅಂತ ಅಲ್ಲ ಮತ್ತೆ! ಉಸಿರು ತಗೊಳ್ಳಿ, ದಣಿವು ಆರಲಿ ಅಂತ. ಕನ್ನಡ ಕಲಿಯುತ್ತಿದ್ದ ಗೆಳತಿಯೊಬ್ಬಳು ನಿಘಂಟು ನೋಡಿ ಗಾಬರಿಯಾಗಿದ್ದಳು. ಮನೆ ಒಡತಿ ಬಾಗಿಲಲ್ಲೇ ‘ಸುಧಾರಿಸ್ಕೋ’ ಅಂದರಂತೆ. ನಾನೇನು ಮಾಡಿದೆ ಅಂತ ಇವಳ ಪ್ರಶ್ನೆ.

ಕರಾವಳಿಗೆ ಹೋದರೆ ಇನ್ನೂ ಒಂದು ಅರ್ಥ. ಮದುವೆ, ಉಪನಯನದ ಮನೆಯಲ್ಲಿ ‘ಸುಧಾರಿಕೆ’ ಅಂದರೆ ಬಂದವರನ್ನು ನೋಡಿಕೊಳ್ಳುವುದು, ಬಡಿಸುವುದು, ಎಲ್ಲ ಸುಸೂತ್ರ ನಡೆಸುವುದು. ಹವ್ಯಕರ ಮನೆಗಳಲ್ಲಿ ಇದಕ್ಕೆ ದೊಡ್ಡ ಗೌರವ. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಬೈರಾಸು, ಅಂದರೆ ಟವೆಲ್ಲು, ಹಾಕಿ, ಸಾರಿನ ಬಕೆಟು ಹಿಡಿದು ಓಡಾಡುವ ಹುಡುಗರನ್ನು ನೋಡಬೇಕು. ‘ಹೇಗೋ ಸುಧಾರಿಸಿಕೊಂಡು ಹೋಗ್ತಿದ್ದೀವಿ’ ಅಂತ ಸಂಸಾರದ ಬಗ್ಗೆ ಹೇಳುವ ಮಾತೂ ಇದರ ನೆಂಟನೇ. ಅಲ್ಲಿ ಯಾರೂ ಉತ್ತಮರಾಗುತ್ತಿಲ್ಲ, ದಿನ ದೂಡುತ್ತಿದ್ದಾರೆ ಅಷ್ಟೇ.

‘ತಿದ್ದುಪಡಿ’ ಸರ್ಕಾರದ ಪದ ಹೇಗಾಯಿತು?

ಕಾಯ್ದೆಯನ್ನೂ ಬರಹ ಅಂತಲೇ ನೋಡಿ. ಹಳೆಯ ಕಾಯ್ದೆ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಪದ ಸೇರಿಸುತ್ತಾರೆ, ತೆಗೆಯುತ್ತಾರೆ. ಸ್ಲೇಟಿನ ‘ಅ’ದ ಹಾಗೇ. ಸಂವಿಧಾನಕ್ಕೆ ತಿದ್ದುಪಡಿ ತರುವ ಅಧಿಕಾರ 368ನೇ ವಿಧಿಯಲ್ಲಿದೆ. 73ನೇ ತಿದ್ದುಪಡಿಯಿಂದ ಪಂಚಾಯ್ತಿಗಳಿಗೆ ಸಂವಿಧಾನದ ಬಲ ಬಂತು, 1993ರಿಂದ ಅದು ಜಾರಿಯಲ್ಲಿದೆ.

‘ತಿದ್ದುಪಡಿ’ ಮತ್ತು ‘ಸುಧಾರಣೆ’ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಕರ್ನಾಟಕದ ಭೂ ಸುಧಾರಣೆ ಕಾಯ್ದೆ ಒಳ್ಳೆಯ ಉದಾಹರಣೆ. ಕಾಯ್ದೆ 1961ರದು. ಅದಕ್ಕೆ ನಿಜವಾದ ಹಲ್ಲು ಬಂದದ್ದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ತಿದ್ದುಪಡಿಯಿಂದ. ಗೇಣಿದಾರರು ಅರ್ಜಿ ಹಾಕಿ ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಮನೆಮಾತಾಯಿತು. ಸುಧಾರಣೆ ಅಂತ ಹೆಸರಿಟ್ಟ ಕಾಯ್ದೆಯನ್ನೂ ತಿದ್ದಬೇಕಾಯಿತು ನೋಡಿ.

ಇದೇ ಪದದ ಸಣ್ಣ ರೂಪ ನಮಗೆಲ್ಲ ಪರಿಚಯ: ಪಹಣಿ ತಿದ್ದುಪಡಿ, ಹೆಸರು ತಿದ್ದುಪಡಿ, ಜನ್ಮ ದಿನಾಂಕ ತಿದ್ದುಪಡಿ. ನನ್ನ ಒಂದು ಗುರುತಿನ ಚೀಟಿಯಲ್ಲಿ ಅಪ್ಪನ ಹೆಸರಿನ ‘ಶ’ ಹೋಗಿ ‘ಸ’ ಆಗಿತ್ತು. ಅರ್ಜಿ ಕೊಟ್ಟೆ. ಮೂರು ವಾರ ಬಿಟ್ಟು ಹೊಸ ಚೀಟಿ ಬಂತು. ‘ಶ’ ಸರಿಯಾಗಿತ್ತು, ಆದರೆ ಈ ಸಲ ಅಪ್ಪ ನನಗಿಂತ ಚಿಕ್ಕವರಾಗಿದ್ದರು. ಕೌಂಟರಿನಲ್ಲಿದ್ದ ಹುಡುಗ ನಗದೆ "ಮೇಡಂ, ತಿದ್ದುಪಡಿಗೆ ತಿದ್ದುಪಡಿ ಅರ್ಜಿ ಹಾಕಿ" ಅಂದ. ಹೊಟ್ಟೆಪಾಡಿಗೆ ತಿದ್ದುವವಳಿಗೆ ಇದಕ್ಕಿಂತ ತಕ್ಕ ಶಾಸ್ತಿ ಇನ್ನೇನಿದೆ.

ಜೈಲಿಗೆ ಹೋದವರಿಗೆ ಯಾವ ಪದ ಬಳಸಬೇಕು?

ಇಲಾಖೆಯ ಈಗಿನ ಹೆಸರು ‘ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ’. ಮುಂಚೆ ಬರೀ ಕಾರಾಗೃಹ. ಪತ್ರಿಕೆಗಳು ‘ಮನಪರಿವರ್ತನೆ’ ಅನ್ನುತ್ತವೆ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ನಾಟಕ ಆಡಿಸಿದ ಸುದ್ದಿಗಳಲ್ಲೂ ಈ ಪದ ಮತ್ತೆ ಮತ್ತೆ ಬರುತ್ತದೆ.

ನನಗೆ ‘ಮನಪರಿವರ್ತನೆ’ ಅಷ್ಟು ಹಿಡಿಸದು. ಪರಿವರ್ತನೆ ಅಂದರೆ ಒಂದು ಹೋಗಿ ಇನ್ನೊಂದಾಗುವುದು. ನಾಟಕದ ತಾಲೀಮಿನಲ್ಲಿ ಆಗುವುದು ತಿದ್ದುವ ಕೆಲಸವೇ ಅಲ್ವಾ? ಮಾತು ತಿದ್ದುತ್ತಾರೆ, ನಿಲುವು ತಿದ್ದುತ್ತಾರೆ, ಮತ್ತೆ ಮತ್ತೆ ಅದೇ ಸಾಲು ಹೇಳಿಸುತ್ತಾರೆ.

ಮಕ್ಕಳ ವಿಷಯದಲ್ಲಿ ‘ಬಾಲಾಪರಾಧಿ’ ಅಂತ ಬರೆಯಬೇಡಿ. ಈಗ ಕಾನೂನು ಬಳಸುವುದು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಉದ್ದ ಜಾಸ್ತಿ, ನಿಜ. ಆದರೆ ಮಗು ಅನ್ನುವ ಪದ ಅದರಲ್ಲಿ ಉಳಿದುಕೊಂಡಿದೆ.

‘ಉದ್ಧಾರ’ ಒಳ್ಳೆಯ ಪದವೋ ಬೈಗುಳವೋ?

ಯಾರು ಯಾವ ದನಿಯಲ್ಲಿ ಹೇಳುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಪದದ ಅರ್ಥ ಮೇಲಕ್ಕೆ ಎತ್ತುವುದು. ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ‘ಉದ್ಧರೇದಾತ್ಮನಾತ್ಮಾನಂ’ ಅಂತಿದೆ, ತನ್ನನ್ನು ತಾನೇ ಎತ್ತಿಕೊಳ್ಳಬೇಕು ಅಂತ. ಹಳೆಯ ದೇವಸ್ಥಾನ ಸರಿಮಾಡಿದರೆ ಜೀರ್ಣೋದ್ಧಾರ. ಇವೆಲ್ಲ ಗಂಭೀರ.

ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ದಿನ ಅಪ್ಪ "ಉದ್ಧಾರ ಆದೆ ಬಿಡು" ಅಂದರೆ ಅದು ಆಶೀರ್ವಾದ ಅಲ್ಲ. ‘ಊರು ಉದ್ಧಾರ ಮಾಡೋಕೆ ಹೊರಟವನೆ’, ‘ನೀನು ಉದ್ಧಾರ ಆದ ಹಾಗೇ’ ಎಲ್ಲ ವ್ಯಂಗ್ಯ. ಇಷ್ಟು ದೊಡ್ಡ ಪದ ಅಡುಗೆಮನೆಗೆ ಬಂದು ಹೀಗಾಗಿದೆ. ತಿದ್ದುವ ಪದಕ್ಕೆ ಈ ಗತಿ ಬಂದಿಲ್ಲ. ‘ತಿದ್ದಿಕೊಂಡೆ ಬಿಡು’ ಅಂತ ಯಾರೂ ವ್ಯಂಗ್ಯ ಮಾಡಿದ್ದು ನಾನು ಕೇಳಿಲ್ಲ.

ಇನ್ನೊಂದು ತಕರಾರೂ ಇದೆ. ಉದ್ಧಾರ ಮಾಡುವವನು ಮೇಲೆ, ಆಗುವವನು ಕೆಳಗೆ. ‘ದಲಿತೋದ್ಧಾರ’, ‘ಸ್ತ್ರೀ ಉದ್ಧಾರ’ ಒಂದು ಕಾಲದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ಮಾತುಗಳು. ಆದರೆ 1970ರ ದಶಕದ ದಲಿತ ಚಳವಳಿ ಬಂದ ಮೇಲೆ ‘ಹಕ್ಕು’, ‘ಸ್ವಾಭಿಮಾನ’ ಎಂಬ ಪದಗಳು ಮುಂದೆ ಬಂದವು. ಇವತ್ತು ಯಾರಾದರೂ ‘ದಲಿತೋದ್ಧಾರ’ ಅಂತ ಬರೆದು ಕಳಿಸಿದರೆ ನಾನು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕುತ್ತೇನೆ.

‘ಬುದ್ಧಿ ಹೇಳು’, ‘ಬುದ್ಧಿ ಕಲಿಸು’ ಒಂದೇನಾ?

ಅಯ್ಯೋ, ಬೇರೆ ಬೇರೆ. ಬುದ್ಧಿ ಹೇಳುವುದು ಮಾತಿನಿಂದ. ಬುದ್ಧಿ ಕಲಿಸುವುದು ಬೆದರಿಕೆ. ‘ನಿನಗೆ ಬುದ್ಧಿ ಕಲಿಸ್ತೀನಿ ನೋಡು’ ಅಂದವರು ಪಾಠ ಮಾಡಲು ಬರುತ್ತಿಲ್ಲ. ಮತದಾರರು ಪಕ್ಷಕ್ಕೆ ‘ತಕ್ಕ ಬುದ್ಧಿ ಕಲಿಸಿದರು’ ಅಂದರೆ ಸೋಲಿಸಿದರು ಅಂತ.

ಹೊಡೆದರೆ ತಾನೇ ಮಕ್ಕಳು ತಿದ್ದಿಕೊಳ್ಳುವುದು? ‘ದಂಡಂ ದಶಗುಣಂ’ ಅಂತಾರಲ್ಲ?

ಅನ್ನುತ್ತಾರೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ‘ಳ’ ತಪ್ಪು ಬರೆದದ್ದಕ್ಕೆ ಒಬ್ಬ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಅಂಚಿನಿಂದ ಹೊಡೆದಿದ್ದರು. ಕೈ ಊದಿಕೊಂಡು ಎರಡು ದಿನ ಬಳಪ ಹಿಡಿಯಲು ಆಗಲಿಲ್ಲ. ‘ಳ’ ತಿದ್ದುವ ಕೈಯೇ ಹೋಯಿತು. ಆಮೇಲೆ ಅದೇ ‘ಳ’ವನ್ನು ಅಜ್ಜಿ ನನ್ನ ಕೈ ಹಿಡಿದು ಬರೆಸಿದರು. ಇವತ್ತಿಗೂ ನನ್ನ ‘ಳ’ ಅಜ್ಜಿಯ ‘ಳ’ದ ಹಾಗೇ ಬಾಲ ಉದ್ದ.

ಕಾನೂನಿನ ಮಾತು ಬೇಕಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ.

ಗಾದೆಗಳು ಏನು ಹೇಳುತ್ತವೆ?

ಗಾದೆಗಳಿಗೆ ಈ ವಿಷಯದಲ್ಲಿ ನಂಬಿಕೆ ಕಡಿಮೆ. ‘ಹುಟ್ಟುಗುಣ ಸುಟ್ಟರೂ ಹೋಗದು’, ‘ನಾಯಿ ಬಾಲ ಡೊಂಕು’. ಸ್ವಲ್ಪ ಮೃದು ಅಂದರೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’. ಅದೂ ಪ್ರಶ್ನೆಯಲ್ಲೇ ನಿಲ್ಲುತ್ತದೆ. ನಾಯಿ ಬಾಲ ಡೊಂಕಾಗಿದ್ದರೆ ನಾಯಿಗೇನು ತೊಂದರೆ ಅಂತ ಯಾರೂ ಕೇಳಿಲ್ಲ.

ದೊಡ್ಡವರ ತಪ್ಪನ್ನು ತಿದ್ದಬಹುದೇ? ಹೇಗೆ ಹೇಳುವುದು?

ಕನ್ನಡದಲ್ಲಿ ಇದಕ್ಕೆ ಹಳೆಯ ದಾರಿ ಇದೆ. ಬರೆದವರೇ ಮೊದಲು ಕೈ ಮುಗಿಯುತ್ತಿದ್ದರು. ಓಲೆಗರಿ ಪ್ರತಿ ಮಾಡಿದವರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕು ಎಂಬ ಅರ್ಥದ ಮಾತು ಸೇರಿಸುವುದಿತ್ತು. ಅಚ್ಚಿನ ಕಾಲದಲ್ಲಿ ಅದು ಪುಸ್ತಕದ ಕೊನೆಯ ‘ತಪ್ಪೊಪ್ಪೋಲೆ’ ಆಯಿತು. ಎಷ್ಟು ಮುದ್ದಾದ ಪದ! ತಪ್ಪು, ಒಪ್ಪು, ಓಲೆ ಮೂರೂ ಕೈ ಹಿಡಿದುಕೊಂಡಿವೆ. ಈಗ ಅದನ್ನು ಅಚ್ಚು ಮಾಡುವವರು ಅಪರೂಪ. ತಪ್ಪು ಕಡಿಮೆಯಾಗಿದೆ ಅಂತ ತಿಳಿಯಬೇಡಿ.

ಮಾತಿನಲ್ಲಾದರೆ ‘ನೀವು ತಪ್ಪು’ ಅನ್ನುವ ಬದಲು ‘ಹೀಗೂ ಇರಬಹುದಾ ನೋಡಿ’ ಅನ್ನಿ. ನಾನು ಹಿರಿಯ ಲೇಖಕರ ಕರಡಿನಲ್ಲಿ ಕೆಂಪು ಬಳಸುವುದಿಲ್ಲ, ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಅವರಿಗೆ ಬೇಡವಾದರೆ ರಬ್ಬರು ಅವರ ಕೈಯಲ್ಲಿದೆ.

ಬ್ಯೂಟಿ ಪಾರ್ಲರಿನಲ್ಲಿ ‘ಹುಬ್ಬು ತಿದ್ದಿಸಿದೆ’ ಅನ್ನುವುದು ಸರಿಯಾದ ಕನ್ನಡವೇ?

ಪೂರ್ತಿ ಸರಿ. ತಿಲಕ ತಿದ್ದುವುದು, ಕಣ್ಣಿಗೆ ಕಾಡಿಗೆ ತಿದ್ದುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅಲಂಕಾರ ಜಾಸ್ತಿಯಾದರೆ ‘ತಿದ್ದಿ ತೀಡಿ’ ಅನ್ನುತ್ತೇವೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

‘ಉದ್ಧಾರ’ವೋ ‘ಉದ್ದಾರ’ವೋ? ‘ತಿದ್ದಿದ’ವೋ ‘ತಿದ್ದಿದ್ದ’ವೋ?

ಉದ್ಧಾರಕ್ಕೆ ಮಹಾಪ್ರಾಣದ ಒತ್ತು ಬೇಕು, ‘ಬುದ್ಧಿ’ಯ ಹಾಗೇ. ‘ಸುಧಾರಣೆ’ಯಲ್ಲೂ ‘ಧಾ’. ‘ತಿದ್ದು’ವಿಗೆ ಮಾತ್ರ ಬೇಡ, ಅದು ನಮ್ಮದೇ ಪದ, ‘ತಿದ್ಧು’ ಅಂತ ಬರೆದವರನ್ನೂ ನೋಡಿದ್ದೇನೆ. ‘ಮೇಷ್ಟ್ರು ತಿದ್ದಿದರು’ ಅಂದರೆ ತಿದ್ದುವ ಕೆಲಸ ಆಯಿತು. ‘ಮೇಷ್ಟ್ರು ತಿದ್ದಿದ್ದರು’ ಅಂದರೆ ಆಗಲೇ ತಿದ್ದಿಯಾಗಿತ್ತು, ಆದರೂ ನೀವು ಮತ್ತೆ ಅದೇ ತಪ್ಪು ಮಾಡಿದಿರಿ.